ಆರುನೂರು ಮೀಟರ್ ಆಳದ ಭಾವ

ನಮ್ಮ ಭಾವನವರು ಸಮುದ್ರದಲ್ಲಿ 600 ಮೀಟರ್ ಆಳಕ್ಕೆ ಇಳಿಯಲು ಸರ್ವಸನ್ನದ್ಧರಾಗಿದ್ದಾರೆ. ಈಜು ಬರುವುದಿಲ್ಲ, ಅದು ಬೇರೆ ವಿಷಯ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮೊಣಕಾಲುದ್ದದ ನೀರಿಗೆ ಇಳಿದಾಗಲೂ ಅಕ್ಕನ ಸೆರಗು ಬಿಡದೆ ನಿಂತಿದ್ದವರು. ಆದರೆ ಅವರ ಎಡ ಮಣಿಕಟ್ಟಿನ ಮೇಲೆ ಕೂತಿರುವ ಮಹಾಶಯನಿಗೆ ಅಂಥ ಅಂಜಿಕೆಯೇನೂ ಇಲ್ಲ. ಒಮೆಗಾ ಸೀಮಾಸ್ಟರ್ ಪ್ಲಾನೆಟ್ ಓಷನ್ ಜಿಎಂಟಿ ಎಂದು ನಾಮಧೇಯ. ಇಷ್ಟುದ್ದದ ಹೆಸರನ್ನು ನಮ್ಮ ಮನೆಯಲ್ಲಿ ಈತನಕ ಯಾರಿಗೂ ಇಟ್ಟಿಲ್ಲ. ಅಡ್ಡಗಲ 43.5 ಮಿಲಿಮೀಟರ್, ದಪ್ಪ ಸುಮಾರು 17. ಭಾವನವರು ತುಂಬುತೋಳಿನ ಷರ್ಟು ಹಾಕಿದ ದಿನ ಎಡಗೈ ಗುಂಡಿ ಹಾಕಲಾಗುವುದಿಲ್ಲ. ಹಾಕಲಾದರೂ ಹಾಕುವವರಲ್ಲ. ಗಡಿಯಾರ ಮುಚ್ಚಿಹೋಗುತ್ತದಲ್ಲ!

600 ಮೀಟರ್ ಎಂದರೇನು ಎಂದು ಅವರಿಗೆ ತಿಳಿಸಿಕೊಡುವ ಅಧಿಕಪ್ರಸಂಗ ನಾನು ಮಾಡಿದ್ದುಂಟು. ನೀರಿನಲ್ಲಿ ಹತ್ತತ್ತು ಮೀಟರ್ ಇಳಿದಂತೆಲ್ಲ ಮೈಮೇಲೆ ಇನ್ನೊಂದು ವಾಯುಮಂಡಲದ ಭಾರ ಕೂರುತ್ತ ಹೋಗುತ್ತದೆ. ಹವ್ಯಾಸಕ್ಕೆ ಮುಳುಗುವವರಿಗೆ ಎಳೆದಿರುವ ಗೆರೆ 40 ಮೀಟರ್. ಮೊದಲ ಸರ್ಟಿಫಿಕೇಟು ಪಡೆದವರಿಗೆ 18. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ, ಕೈ ಹಿಡಿದು ಮೀನು ತೋರಿಸುತ್ತಾರಲ್ಲ, ಅದು ಇದಕ್ಕೂ ಕಡಿಮೆ. ಸಿಲಿಂಡರ್ ಕಟ್ಟಿಕೊಂಡು ಅತ್ಯಂತ ಆಳಕ್ಕೆ ಹೋದವನೆಂದು ಗಿನ್ನೆಸ್ ಪುಸ್ತಕ ಬರೆದಿಟ್ಟಿರುವುದು ಈಜಿಪ್ಟಿನ ಅಹ್ಮದ್ ಗಬ್ರ್ ಎಂಬಾತನ ಹೆಸರನ್ನು. 2014ರಲ್ಲಿ ಕೆಂಪು ಸಮುದ್ರದಲ್ಲಿ 332.35 ಮೀಟರ್. ಇಳಿಯಲು ಹಿಡಿದದ್ದು ಕಾಲು ಗಂಟೆ ಆಸುಪಾಸು, ಮೇಲೆ ಬರಲು ಹದಿಮೂರು ಗಂಟೆಗೂ ಮೇಲೆ. ಅವಸರ ಮಾಡಿದರೆ ರಕ್ತದಲ್ಲಿ ಕರಗಿದ ಅನಿಲವೆಲ್ಲ ಗುಳ್ಳೆಯಾಗಿ ಆಳನ್ನೇ ಮುಗಿಸುತ್ತದೆ. ಫ್ರಾನ್ಸಿನ ಕೊಮೆಕ್ಸ್ ಕಂಪನಿಯವರು 1988ರಲ್ಲಿ ಮುಳುಗುಗಾರರನ್ನು ಒತ್ತಡದ ಕೊಠಡಿಯಲ್ಲೇ ಸಂಸಾರ ಹೂಡಿಸಿ, ಹೈಡ್ರೋಜನ್ ಬೆರೆಸಿದ ಗಾಳಿ ಕುಡಿಸಿ, ಸಮುದ್ರದಲ್ಲಿ 534 ಮೀಟರ್ ಮುಟ್ಟಿಸಿದರು.

‘ಅಂದರೆ ಭಾವ, ಮನುಷ್ಯಮಾತ್ರರು ಹೋಗಲಾರದ ಜಾಗದಲ್ಲೂ ನಿಮ್ಮ ವಾಚು ಟೈಮು ತೋರಿಸುತ್ತದೆ. ಯಾರಿಗೆ?’

‘ಇರಲಿ ಕಣೋ. ಒಂದು ಧೈರ್ಯ.’

ಈ ಧೈರ್ಯಕ್ಕೇ ಅವರು ದುಡ್ಡು ಕೊಟ್ಟಿರುವುದು ಎಂದು ನನಗೆ ಆಗ ಹೊಳೆಯಿತು. ಎಷ್ಟು ಕೊಟ್ಟರು ಎಂದು ಕೇಳಬೇಡಿ. ಅಕ್ಕನಿಗೆ ಹೇಳಿದ ಬೆಲೆ ಒಂದು, ಬಿಲ್ಲಿನಲ್ಲಿರುವ ಬೆಲೆ ಇನ್ನೊಂದು. ಎರಡಕ್ಕೂ ಅಂತರ ಒಂದೇ ಒಂದು ಸೊನ್ನೆ. ಸೊನ್ನೆಗೆ ಬೆಲೆಯಿಲ್ಲ ಎಂದು ಪ್ರೈಮರಿ ಸ್ಕೂಲಿನಲ್ಲಿ ಕಲಿತದ್ದನ್ನು ಅವರು ಅಲ್ಲಿಗೆ ಅನ್ವಯಿಸಿದ್ದಾರೆ.

ಗಡಿಯಾರದ ಎಡಮಗ್ಗುಲಲ್ಲಿ, 10ರ ಅಂಕಿಯ ಪಕ್ಕ, ಇನ್ನೊಂದು ಪುಟ್ಟ ತಿರುಪು ಇದೆ. ಕೀ ಕೊಡುವ ಗುಂಡಿ ಬಲಕ್ಕಿದೆ, ಇದೇನು ಎರಡನೆಯದು? ಹೀಲಿಯಂ ಹೊರಗೆ ಬಿಡುವ ಬಾಗಿಲಂತೆ. ಸಮುದ್ರದ ತಳದಲ್ಲಿ ತೈಲದ ಕೊಳವೆ ರಿಪೇರಿ ಮಾಡುವವರು ದಿನಗಟ್ಟಲೆ ಒತ್ತಡದ ಕೊಠಡಿಯಲ್ಲೇ ಉಂಡು ಮಲಗುತ್ತಾರೆ. ಅವರು ಉಸಿರಾಡುವುದು ಹೀಲಿಯಂ ಬೆರೆಸಿದ ಗಾಳಿ. ಹೀಲಿಯಂ ಕಣ ಎಷ್ಟು ಸಣ್ಣದೆಂದರೆ ನೀರು ನುಗ್ಗಲಾರದ ರಬ್ಬರು ವಾಷರಿನ ಸಂದಿಯಲ್ಲೂ ನುಸುಳಿ ಗಡಿಯಾರದೊಳಗೆ ಸೇರಿಕೊಳ್ಳುತ್ತದೆ. ಕೊನೆಗೆ ಕೊಠಡಿಯ ಒತ್ತಡ ಇಳಿಸುವಾಗ ಹೊರಗೆ ಹೋಗಲು ದಾರಿ ಸಿಗದೆ, ಗಾಜನ್ನೇ ಪಟ್ಟೆಂದು ಹಾರಿಸಿಬಿಡುತ್ತದೆ. 1960ರ ದಶಕದಲ್ಲಿ ಹೀಗೆ ಗಾಜು ಹಾರಿದ ಮೇಲೆ ಗಡಿಯಾರದವರು ಈ ಬಾಗಿಲು ಇಟ್ಟರು. ಬುದ್ಧಿವಂತ ಕೆಲಸವೇ, ಒಪ್ಪಿದೆ. ಭಾವನವರು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಕೂತು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಅವರಿಗೆ ಹೀಲಿಯಂ ಎದುರಾಗುವುದು ಮಗಳ ಹುಟ್ಟುಹಬ್ಬದ ಬಲೂನಿನಲ್ಲಿ. ಆದರೂ ಪ್ರತಿ ಹುಟ್ಟುಹಬ್ಬದಂದು ಆ ತಿರುಪನ್ನೊಮ್ಮೆ ಬಿಚ್ಚಿ, ಮತ್ತೆ ಬಿಗಿದು, ಸಮಾಧಾನದ ಉಸಿರು ಬಿಡುತ್ತಾರೆ.

ಹಿಂದೆ ಇದು ಆಟದ ಮಾತಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1950ರ ಸುಮಾರಿಗೆ ಬ್ಲಾಂಪೇನ್ ಎಂಬ ಸ್ವಿಸ್ ಕಂಪನಿಯ ಯಜಮಾನಿಕೆ ಜ್ಯಾಂ-ಜಾಕ್ ಫೀಷ್ಟರ್ ಎಂಬ ತರುಣನ ಕೈಗೆ ಬಂದಿತ್ತು. ಆತನಿಗೆ ಕಡಲಲ್ಲಿ ಮುಳುಗುವ ಹುಚ್ಚು. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಒಮ್ಮೆ ನೀರಡಿಯಲ್ಲಿ ಹೊತ್ತು ಹೋದದ್ದೇ ತಿಳಿಯದೆ ಗಾಳಿ ಮುಗಿದು, ಬದುಕಿ ಬಂದದ್ದೇ ಹೆಚ್ಚಾಯಿತು. ನೀರೊಳಗೆ ಕೆಡದ, ಕತ್ತಲಲ್ಲಿ ಹೊಳೆಯುವ, ಕಳೆದ ನಿಮಿಷಗಳನ್ನು ಎಣಿಸಿ ತೋರಿಸುವ ಗಡಿಯಾರವೊಂದು ಬೇಕು ಎಂದು ಆತನಿಗೆ ಅನ್ನಿಸಿದ್ದು ಆಗ. ಅದೇ ವೇಳೆಗೆ ಫ್ರೆಂಚ್ ನೌಕಾಪಡೆಯ ಮುಳುಗುಯೋಧರಿಗಾಗಿ ಬಾಬ್ ಮಲುಬಿಯೆ ಮತ್ತು ಕ್ಲೋಡ್ ರಿಫೋ ಎಂಬ ಇಬ್ಬರು ಅಧಿಕಾರಿಗಳೂ ಅಂಥದ್ದನ್ನೇ ಹುಡುಕುತ್ತಿದ್ದರು. 1953ರಲ್ಲಿ ಫಿಫ್ಟಿ ಫ್ಯಾದಮ್ಸ್ ಹೊರಬಂತು. ಐವತ್ತು ಮಾರು, ಅಂದರೆ 91 ಮೀಟರು ಚಿಲ್ಲರೆ. ರೋಲೆಕ್ಸಿನ ಸಬ್‌ಮರೀನರ್ ಕೂಡ ಅದೇ ವರ್ಷದ ಕೂಸು.

ಆ ಗಡಿಯಾರಗಳ ನಿಜವಾದ ಜಾಣತನ ಇದ್ದದ್ದು ಗಾಜಿನ ಸುತ್ತ ಕೂತ ಬಳೆಯಲ್ಲಿ. ಬೆಜೆಲ್ ಎನ್ನುತ್ತಾರೆ. ಅದರ ಮೇಲೆ 60 ನಿಮಿಷದ ಗುರುತು. ನೀರಿಗೆ ಹಾರುವ ಮುನ್ನ ಬಳೆಯ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ ಸಾಕು. ಆಮೇಲೆ ಮುಳ್ಳು ಎಲ್ಲಿದೆಯೋ ಅಷ್ಟು ನಿಮಿಷ ಕಳೆಯಿತು. ಮುಂದೆ ಬಂದ ಮಾದರಿಗಳಲ್ಲಿ ಬಳೆ ತಿರುಗುವುದು ಒಂದೇ ದಿಕ್ಕಿಗೆ, ಎಡಕ್ಕೆ. ಬಂಡೆಗೆ ತಾಗಿ ಸರಿದುಬಿಟ್ಟರೂ ಕಳೆದ ಹೊತ್ತನ್ನು ಹೆಚ್ಚು ತೋರಿಸೀತೇ ಹೊರತು ಕಡಿಮೆ ತೋರಿಸದು. ಮುಳುಗಿದವನು ಐದು ನಿಮಿಷ ಮೊದಲೇ ಮೇಲೆ ಬರುತ್ತಾನೆ, ಬೈದುಕೊಳ್ಳುತ್ತಾನೆ, ಬದುಕುತ್ತಾನೆ. ಈ ಒಂದು ಯೋಚನೆಗೆ ನಾನು ಯಾವಾಗ ಬೇಕಾದರೂ ಕೈ ಮುಗಿಯುತ್ತೇನೆ. 1980ರ ದಶಕದಲ್ಲಿ ಡೈವ್ ಕಂಪ್ಯೂಟರ್ ಬಂದು ಆಳ, ಹೊತ್ತು, ಎಷ್ಟು ನಿಧಾನ ಮೇಲೇರಬೇಕು ಎಲ್ಲವನ್ನೂ ತಾನೇ ಹೇಳತೊಡಗಿತು. ಗಡಿಯಾರಕ್ಕೆ ಕಡಲಿನಲ್ಲಿ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಸಂಬಳ ಹತ್ತುಪಟ್ಟು ಏರಿದ್ದು ಈ ಲೋಕದಲ್ಲಿ ಇದೊಂದಕ್ಕೇ ಇರಬೇಕು.

ಇನ್ನು ಹೆಸರಿನ ಬಾಲದಲ್ಲಿರುವ ಜಿಎಂಟಿಯ, ಅಂದರೆ ಎರಡನೆಯ ಟೈಮಿನ ಕಥೆ. ಅದು ಆಕಾಶದ್ದು. 1950ರ ದಶಕದಲ್ಲಿ ಪ್ಯಾನ್ ಆಮ್ ವಿಮಾನಗಳು ಸಾಗರ ದಾಟಿಸಿ ಜನರನ್ನು ಬೆಳಗಿನಿಂದ ರಾತ್ರಿಗೆ, ರಾತ್ರಿಯಿಂದ ಬೆಳಗಿಗೆ ಒಗೆಯುತ್ತಿದ್ದ ಕಾಲ. ಪೈಲಟ್ಟಿಗೆ ಗ್ರೀನ್‌ವಿಚ್ ಹೊತ್ತೂ ಬೇಕು, ಇಳಿದ ಊರಿನ ಹೊತ್ತೂ ಬೇಕು. ಅವರಿಗೆಂದು ರೋಲೆಕ್ಸ್ ಜಿಎಂಟಿ-ಮಾಸ್ಟರ್ ಮಾಡಿತು. ದಿನಕ್ಕೆ ಒಂದೇ ಸುತ್ತು ಹಾಕುವ ನಾಲ್ಕನೆಯ ಮುಳ್ಳು, 24 ಗಂಟೆ ಬರೆದ ಬಳೆ. ಬಳೆಯ ಅರ್ಧ ಕೆಂಪು, ಅರ್ಧ ನೀಲಿ. ಪಾಪ, ಅದಕ್ಕೆ ಪೆಪ್ಸಿ ಎಂದು ಅಡ್ಡಹೆಸರು ಬಿತ್ತು. ಆಮೇಲೆ ಕೆಂಪು-ಕಪ್ಪು ಬಂದಾಗ ಕೋಕ್ ಆಯಿತು, ಕಪ್ಪು-ನೀಲಿ ಬಂದಾಗ ಬ್ಯಾಟ್‌ಮನ್. ಲಕ್ಷಗಟ್ಟಲೆ ಕೊಟ್ಟವರು ‘ನನ್ನ ಹತ್ತಿರ ಪೆಪ್ಸಿ ಇದೆ’ ಎಂದು ಪಾರ್ಟಿಯಲ್ಲಿ ಪಿಸುಗುಟ್ಟುವುದು ಕೇಳಿ ಸರ್ವರ್ ಗ್ಲಾಸು ತಂದಿಟ್ಟರೆ ಅವನ ತಪ್ಪೇನು?

ಕಡಲಿನ ಗಡಿಯಾರ ಒಂದು, ಆಕಾಶದ್ದು ಇನ್ನೊಂದು. ಎರಡೂ ಬೇಕು ಎಂದಾಗ ಶುರುವಾಯಿತು ಪಜೀತಿ. ಮುಳುಗುವವನ ಬಳೆ 60 ನಿಮಿಷ ಎಣಿಸಬೇಕು, ಒಂದೇ ಕಡೆ ತಿರುಗಬೇಕು. ಹಾರುವವನ ಬಳೆ 24 ಗಂಟೆ ಎಣಿಸಬೇಕು, ಎರಡೂ ಕಡೆ ತಿರುಗಬೇಕು. ಗಡಿಯಾರಕ್ಕೆ ಇರುವುದು ಒಂದೇ ಬಳೆ. ಒಂದೇ ಒರಳಿನಲ್ಲಿ ಒಂದೇ ಹೊತ್ತಿಗೆ ಚಟ್ನಿಯನ್ನೂ ದೋಸೆಹಿಟ್ಟನ್ನೂ ರುಬ್ಬಲು ಹೊರಟಂತೆ ಇದು. ಪ್ಲಾನೆಟ್ ಓಷನ್ ಜಿಎಂಟಿ ಏನು ಮಾಡಿತು? ಹಾರುವವನ ಬಳೆಯನ್ನು ಇಟ್ಟುಕೊಂಡು ಮುಳುಗುವವನದನ್ನು ಬಿಟ್ಟುಕೊಟ್ಟಿತು. 600 ಮೀಟರ್ ಉಳಿಯಿತು, ಹೀಲಿಯಂ ಬಾಗಿಲು ಉಳಿಯಿತು; ಫೀಷ್ಟರನಿಗೆ ಅಂದು ಬೇಕಾಗಿದ್ದ ನಿಮಿಷದ ಲೆಕ್ಕ ಮಾತ್ರ ಇಲ್ಲ. ಜಪಾನಿನ ಸೀಕೋದವರು 2023ರಲ್ಲಿ ತಂದ ಮುಳುಗುಗಡಿಯಾರದಲ್ಲಿ 24 ಗಂಟೆಯ ಗುರುತನ್ನು ಗಾಜಿನೊಳಗಿನ ಅಂಚಿಗೆ ತಳ್ಳಿ, ಹೊರಗಿನ ಬಳೆಯನ್ನು ನಿಮಿಷಗಳಿಗೇ ಬಿಟ್ಟರು. ಬೆಲೆಯೂ ಎಷ್ಟೋ ಪಾಲು ಕಡಿಮೆ. ಇದನ್ನು ಭಾವನವರ ಮುಂದೆ ಎತ್ತಿದೆ. ‘ಸೀಕೋ ಒಳ್ಳೆಯದೇ’ ಎಂದರು, ಬೀಗರ ಮನೆಯ ಸಾರಿಗೆ ಉಪ್ಪು ಕಡಿಮೆಯಾದಾಗ ಬಳಸುವ ದನಿಯಲ್ಲಿ.

ಅವರದು ಮಾಮೂಲಿ ಪ್ಲಾನೆಟ್ ಓಷನ್ನೂ ಅಲ್ಲ, ಗುಡ್‌ಪ್ಲಾನೆಟ್ ಎಂಬ ವಿಶೇಷ ಆವೃತ್ತಿ. ನೀಲಿಯ ಬಳೆ, ಕಿತ್ತಳೆ ಬಣ್ಣದ ಮುಳ್ಳು. ಮಾರಾಟದ ದುಡ್ಡಿನಲ್ಲಿ ಒಂದು ಪಾಲು ಆಗ್ನೇಯ ಏಷ್ಯಾದ ಕಾಂಡ್ಲಾ ಕಾಡು ಉಳಿಸುವ ಕೆಲಸಕ್ಕೆ ಹೋಗುತ್ತಿತ್ತು. ‘ನಾನು ಕೊಂಡದ್ದು ವಾಚಲ್ಲ, ಮ್ಯಾಂಗ್ರೋವ್’ ಎಂದು ಅಕ್ಕನ ಮುಂದೆ ವಾದಿಸಿ ನೋಡಿದ್ದರಂತೆ. ಅಕ್ಕ ‘ಹಾಗಾದರೆ ಅದಕ್ಕೆ ನೀರು ಹಾಕಿ’ ಅಂದಳಂತೆ.

ಸಂಗ್ರಹಕಾರರ ಲೋಕಕ್ಕೆ ಬೇರೆಯದೇ ಶಾಸ್ತ್ರವಿದೆ. ಡಬ್ಬಿ ಇರಬೇಕು, ಕಾಗದಪತ್ರ ಇರಬೇಕು, ಡಬ್ಬಿ ಕೂತಿದ್ದ ಡಬ್ಬಿಯೂ ಇರಬೇಕು. ಗೀರು ಬಿದ್ದಿತೆಂದು ಪಾಲಿಶ್ ಮಾಡಿಸಿದಿರೋ, ಕೆಟ್ಟಿರಿ. ಹುಟ್ಟಿನ ಅಂಚುಗಳು ಸವೆದವೆಂದು ಬೆಲೆ ಇಳಿಯುತ್ತದೆ. ಬಿಸಿಲಿಗೆ ಕಪ್ಪು ಡಯಲ್ ಕಂದು ತಿರುಗಿದರೆ ಅದು ಟ್ರಾಪಿಕಲ್, ಬೆಲೆ ಏರುತ್ತದೆ. ಬಳೆಯ ಬಣ್ಣ ಮಾಸಿದರೆ ಇನ್ನೂ ಏರುತ್ತದೆ. ನಮ್ಮ ಮನೆಗಳಲ್ಲಿ ಬಣ್ಣ ಮಾಸಿದ್ದು ನೆಲ ಒರೆಸಲು ಹೋಗುತ್ತದೆ. ಜಿಎಂಟಿ-ಮಾಸ್ಟರಿನ ಮೊದಲ ಬಳೆಗಳು ಬೇಕಲೈಟಿನವು, ಬಿರುಕು ಬಿಡುತ್ತಿದ್ದವು ಎಂದು ಒಂದೆರಡು ವರ್ಷದಲ್ಲೇ ಅಲ್ಯೂಮಿನಿಯಮ್ಮಿಗೆ ಬದಲಾಯಿಸಿದರು. ಈಗ ಎಲ್ಲರೂ ಹುಡುಕುವುದು ಆ ಬಿರುಕು ಬಿಡುವುದನ್ನೇ. ಎಲ್ಲಕ್ಕೂ ಮಿಗಿಲು ಮಾರ್ಲನ್ ಬ್ರ್ಯಾಂಡೊ ಕಥೆ. ‘ಅಪಾಕಲಿಪ್ಸ್ ನೌ’ ಚಿತ್ರದ ಚಿತ್ರೀಕರಣದಲ್ಲಿ ಮಿನುಗುವ ಗಡಿಯಾರ ಪಾತ್ರಕ್ಕೆ ಒಗ್ಗದು ಎಂಬ ಮಾತು ಬಂದಾಗ ಮಹಾನುಭಾವ ತನ್ನ ಜಿಎಂಟಿ-ಮಾಸ್ಟರಿನ ಬಳೆಯನ್ನೇ ಕಿತ್ತುಹಾಕಿ ಕಟ್ಟಿಕೊಂಡ. ಬೆನ್ನಿಗೆ ತನ್ನ ಹೆಸರು ಗೀಚಿದ. ಎರಡನೆಯ ಟೈಮು ಓದಲು ಇದ್ದ ಬಳೆಯೇ ಮಾಯವಾದ ಆ ಬೋಳು ಗಡಿಯಾರ 2019ರ ಹರಾಜಿನಲ್ಲಿ 19 ಲಕ್ಷ ಡಾಲರಿಗೂ ಮೇಲೆ ಹೋಯಿತು. ಭಾವನವರ ಬಳೆಯನ್ನು ಕಿತ್ತುಕೊಡಲು ನಾನು ಅಂದೇ ಮುಂದೆ ಬಂದಿದ್ದೆ. ಒಪ್ಪಲಿಲ್ಲ.

ನಿಖರತೆಯ ಮಾತು ಎತ್ತುವುದೇ ಅಸಭ್ಯತೆ, ಆದರೂ ಎತ್ತುತ್ತೇನೆ. ಸ್ವಿಟ್ಜರ್ಲೆಂಡಿನ ಪರೀಕ್ಷೆಯಲ್ಲಿ ಪಾಸಾದ ಕ್ರೊನೋಮೀಟರ್ ಎಂದರೆ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಬೀಳಬಹುದು, 6 ಸೆಕೆಂಡ್ ಮುಂದೆ ಓಡಬಹುದು. ರಸ್ತೆಬದಿಯ ಕ್ವಾರ್ಟ್ಜ್ ವಾಚು ಅಷ್ಟು ತಪ್ಪಲು ಒಂದು ವಾರ, ಎರಡು ವಾರ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಸಹಿಸಬಹುದು. ಭಾವನವರನ್ನು ನಿಜವಾಗಿ ನೆಲಕ್ಕೆ ಕೆಡವಿದ್ದು ಭಾರತ ಸರ್ಕಾರದ ಅರ್ಧ ಗಂಟೆ.

ನೋಡಿ, ಈ ಗಡಿಯಾರಗಳಲ್ಲಿ ಗಂಟೆಯ ಮುಳ್ಳು ಎರಡು, ನಿಮಿಷದ ಮುಳ್ಳು ಒಂದೇ. ಗಂಟೆಯ ಮುಳ್ಳನ್ನು ಒಂದೊಂದೇ ಗಂಟೆ ಜಿಗಿಸಬಹುದು. ಲಂಡನ್‌ನಲ್ಲಿ ಹನ್ನೆರಡೂ ಹತ್ತಾದರೆ ಪ್ಯಾರಿಸ್ಸಿನಲ್ಲಿ ಒಂದೂ ಹತ್ತು, ನ್ಯೂಯಾರ್ಕಿನಲ್ಲಿ ಏಳೂ ಹತ್ತು. ಹತ್ತು ನಿಮಿಷ ಎಲ್ಲರಿಗೂ ಒಂದೇ. ನಮ್ಮದು ಹಾಗಲ್ಲ. 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು, ಹದಿನೈದು ಡಿಗ್ರಿಗೊಂದು ಗಂಟೆಯಂತೆ ಭಾಗಿಸಿ, 1906ರಲ್ಲಿ ಐದೂವರೆ ಗಂಟೆ ಎಂದು ಗೂಟ ಹೊಡೆದಾಗಿದೆ. ಕಲ್ಕತ್ತೆ, ಮುಂಬೈಗಳು ಒಪ್ಪದೆ ಬಹಳ ಕಾಲ ತಮ್ಮದೇ ಟೈಮು ಇಟ್ಟುಕೊಂಡು ಹಟ ಮಾಡಿದವು, ಆಮೇಲೆ ಸುಮ್ಮನಾದವು. ನೇಪಾಳದವರು ನಮಗಿಂತ ಕಾಲು ಗಂಟೆ ಮುಂದೆ. ಅಲ್ಲಿನ ವಾಚುಪ್ರೇಮಿಗಳ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಹೀಗಾಗಿ ಡಿಸೆಂಬರಿನಲ್ಲಿ ಮೈಸೂರಿಗೆ ಬಂದಿಳಿದ ಭಾವನವರ ಮುಂದೆ ಎರಡೇ ದಾರಿ. ಗಂಟೆಯ ಮುಳ್ಳನ್ನು ಐದು ಜಿಗಿತ ಮುಂದಕ್ಕೆ ತಂದರೆ ಲಂಡನ್ ಸರಿ, ಮೈಸೂರು ಅರ್ಧ ಗಂಟೆ ಹಿಂದೆ. ವಾಚು ನಿಲ್ಲಿಸಿ ನಿಮಿಷದ ಮುಳ್ಳನ್ನೇ ಸರಿಪಡಿಸಿದರೆ ಮೈಸೂರು ಸರಿ, ಲಂಡನ್ ಹಾಳು. ಎರಡು ಟೈಮು ತೋರಿಸುವ ಗಡಿಯಾರ ಸತ್ಯ ಹೇಳುವುದು ಒಂದೇ ಟೈಮಿಗೆ. ಬಳೆ ಅರ್ಧರ್ಧ ಗಂಟೆಗೆ ಟಿಕ್ ಎನ್ನುವ ಗಡಿಯಾರಗಳೂ ಇವೆ, ಟ್ಯೂಡರ್ ಬ್ಲ್ಯಾಕ್ ಬೇ ಜಿಎಂಟಿಯ ಬಳೆಗೆ 48 ಟಿಕ್ಕು; ಅದರಲ್ಲಿ ಮುಳ್ಳಿನ ನೇರ ನೋಡಿ ನಮ್ಮ ಹೊತ್ತು ಅಂದಾಜು ಮಾಡಬಹುದು. ಇದನ್ನು ತಿಳಿದ ದಿನ ಭಾವನವರ ಕಣ್ಣಲ್ಲಿ ಕಂಡ ಹೊಳಪು ಅಕ್ಕನ ಪಾಲಿಗೆ ಒಳ್ಳೆಯ ಶಕುನವಲ್ಲ.

ಈ ಗಡಿಯಾರಗಳಲ್ಲಿ ಫ್ಲೈಯರ್, ಕಾಲರ್ ಎಂದು ಎರಡು ಜಾತಿ ಬೇರೆ. ಊರಿನ ಗಂಟೆಮುಳ್ಳು ಜಿಗಿಯುವುದು ಹಾರಾಡುವವರಿಗೆ. 24 ಗಂಟೆಯ ಮುಳ್ಳು ಜಿಗಿಯುವುದು ಮನೆಯಲ್ಲಿ ಕೂತು ದೂರದವರಿಗೆ ಫೋನು ಮಾಡುವವರಿಗೆ. ಕಾಲರ್ ಜಿಎಂಟಿ ಎಂದರೆ ನಮ್ಮಮ್ಮ. ತಮ್ಮ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಮ್ಮನ ಲೆಕ್ಕ: ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳಿ, ಬೇಸಿಗೆಯಲ್ಲಿ ಅರ್ಧ ಗಂಟೆ ಕಳಿ, ಹಗಲನ್ನು ರಾತ್ರಿ ಮಾಡು. ಇಲ್ಲಿ ಬೆಳಗಿನ ಎಂಟು, ಡಿಸೆಂಬರಾದರೆ ಅಲ್ಲಿ ಹಿಂದಿನ ಸಂಜೆ ಆರೂವರೆ. ಅಮೆರಿಕದವರು ಮಾರ್ಚಿನಲ್ಲಿ ಗಡಿಯಾರ ತಿರುಗಿಸುವ ಭಾನುವಾರ ಯಾವುದು ಎಂದು ತಮ್ಮನಿಗೇ ಒಮ್ಮೊಮ್ಮೆ ಮರೆತಿರುತ್ತದೆ. ಅಮ್ಮ ಏಕಾದಶಿಯ ಜೊತೆಗೆ ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುತ್ತಾರೆ.

ಅಂಥ ಮನೆಯ ಜಗುಲಿಯಲ್ಲಿ ಒಂದು ಸಂಜೆ ಭಾವನವರು ಆಫೀಸಿಗೆ ಫೋನು ಮಾಡಬೇಕಿತ್ತು. ಮಣಿಕಟ್ಟು ನೋಡಿಕೊಂಡರು, ಬೆರಳು ಮಡಿಸಿದರು, ಅರ್ಧ ಕೂಡಿಸಿದರು, ಕಳೆದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು ತಮ್ಮ ಎಚ್‌ಎಂಟಿ ಜನತಾ ಬಿಚ್ಚಿದರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಸಂತಾನ ಅದು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಮಳೆ ಹನಿ ಕಂಡರೆ ಜೇಬಿಗಿಳಿಯಬೇಕು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಿಗೆ ಬಾಗಿಲು ಹಾಕಲು ನಿರ್ಧರಿಸಿದ ಮೇಲೆ ಇದರ ಹಿಂದೆಯೂ ಸಂಗ್ರಹಕಾರರು ಬಿದ್ದಿದ್ದಾರೆ. ಅಪ್ಪನಿಗೆ ಅದೆಲ್ಲ ಗೊತ್ತಿಲ್ಲ, ಗೊತ್ತು ಮಾಡುವ ಇರಾದೆಯೂ ನನಗಿಲ್ಲ.

ಸರಿಯಾಗಿ ಐದು ಗಂಟೆ. ಅಪ್ಪ ವಾಚನ್ನು ತಲೆಕೆಳಗು ಮಾಡಿ ಅಳಿಯನ ಮುಂದೆ ಹಿಡಿದರು. ದೊಡ್ಡ ಮುಳ್ಳು ಆರರ ಜಾಗದಲ್ಲಿ, ಸಣ್ಣದು ಹನ್ನೊಂದರ ಜಾಗದಲ್ಲಿ.

‘ಹನ್ನೊಂದೂವರೆ, ಅಳಿಯಂದಿರೇ.’

ಭಾವನವರು ಫೋನಿನಲ್ಲಿ ನೋಡಿದರು. ಲಂಡನ್, ಹನ್ನೊಂದೂವರೆ.

‘ಇದು ಹೇಗೆ ಮಾವ?’

‘ಹೇಗೆಂದರೆ? ರೇಡಿಯೋದಲ್ಲಿ ಬಿಬಿಸಿ ಕೇಳುತ್ತಿದ್ದ ಕಾಲದಲ್ಲಿ ಅವರು ಗ್ರೀನ್‌ವಿಚ್ ಟೈಮೇ ಹೇಳುತ್ತಿದ್ದರಲ್ಲ. ತಲೆಕೆಳಗು ಮಾಡಿದರೆ ಅದೇ ಬರುತ್ತದೆ. ಸಣ್ಣ ಮುಳ್ಳು ಯಾವಾಗಲೂ ಅರ್ಧ ಮನೆ ಹಿಂದಿರುತ್ತದೆ, ಅಷ್ಟು ಕೈಬಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ನಿಮ್ಮ ಊರಿನವರು ಒಂದು ಗಂಟೆ ಮುಂದಿಟ್ಟುಕೊಂಡರೆ ಅದು ಅವರ ಹಣೆಬರಹ. ಗ್ರೀನ್‌ವಿಚ್ ಮಾತ್ರ ವರ್ಷವಿಡೀ ಇದೇ.’

ಭಾವನವರು ತಮ್ಮ ಮಣಿಕಟ್ಟನ್ನು ತಿರುಚಿ ತಮ್ಮದನ್ನೂ ತಲೆಕೆಳಗು ಮಾಡಿ ನೋಡಿದರು. ನಾಲ್ಕು ಮುಳ್ಳುಗಳೂ ನಾಲ್ಕು ಕಡೆ ಕೈ ತೋರಿಸಿದವು. ಹೀಲಿಯಂ ಬಾಗಿಲು ಬಲಕ್ಕೆ ಬಂತು.

ಅಪ್ಪ ಜನತಾವನ್ನು ಕಟ್ಟಿಕೊಳ್ಳುತ್ತ, ‘ನಿಮ್ಮದರಲ್ಲಿ ಈ ಗ್ರೀನ್‌ವಿಚ್ ಟೈಮಿಗೇ ಅಂತ ಎಷ್ಟು ಹೆಚ್ಚಿಗೆ ಹಿಡಿದರು?’ ಎಂದು ಕೇಳಿದರು.

ಬಾಗಿಲಲ್ಲಿ ಅಕ್ಕ ಚಕ್ಕುಲಿ ತಟ್ಟೆ ಹಿಡಿದು ನಿಂತಿದ್ದಳು. ಭಾವನವರು ಅವಳ ಮುಖ ನೋಡಿದರು, ಮಾವನ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ನಾನು ಚಕ್ಕುಲಿ ಎತ್ತಿಕೊಂಡೆ.

‘ಅದು ಫ್ರೀ ಬಂತು ಮಾವ,’ ಎಂದರು.